ಮೊಂಟೆವಿಡಿಯೊಗೆ ಫೋನ್ ಮಾಡುವ ಮೊದಲು

ಎಬರ್ ಊರು ಬಿಡುತ್ತಾನೆ ಎಂಬ ಸುದ್ದಿ ನೆಲ್ಬಾಳಿಗೆ ಎಬರ್‌ನ ಬಾಯಿಂದಲೇ ಬಂತು. ಅದೂ ಬೆಳಗಿನ ಮಾಟೆ ಎಲೆಯ ಕಷಾಯ ಹೀರುವ ನಡುವೆ, ಡಿಸೆಂಬರಿನ ಸೆಕೆಯ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ.

"ಮೊಂಟೆವಿಡಿಯೊದ ಹೆಡ್ಡಾಫೀಸಲ್ಲಿ ಫೆಬ್ರವರಿಯಿಂದ ಖರೀದಿ ವಿಭಾಗಕ್ಕೆ ಮುಖ್ಯಸ್ಥ ಬೇಕಂತೆ. ಅಲ್ಲಿನ ಒಲಸಾಬಲ್ ಮೇಡಂ ಫೋನ್ ಮಾಡಿದ್ರು. ಗುರುವಾರ ಇಮೇಲಲ್ಲಿ ಪತ್ರ ಕಳಿಸ್ತಾರಂತೆ, ಶುಕ್ರವಾರ ಮಧ್ಯಾಹ್ನದೊಳಗೆ ಹೂಂ ಅನ್ಬೇಕಂತೆ. ಇಲ್ದಿದ್ರೆ ಸಾಲ್ತೋ ಕಚೇರಿಯವನಿಗೆ ಕೊಡ್ತಾರಂತೆ."

"ಒಳ್ಳೇದಾಯ್ತಲ್ಲ," ಎಂದಳು ನೆಲ್ಬಾ.

"ನೀನೇನ್ ಹೇಳ್ತೀಯ?"

"ನಾನ್ಯಾರು ಹೇಳೋಕೆ?"

ಅವನು ಅವಳ ಕೈಯಿಂದ ಮಾಟೆಯ ಸೋರೆಬುರುಡೆ ಇಸಕೊಂಡು, ಥರ್ಮಾಸಿನ ಬಿಸಿನೀರು ಹೊಯ್ದು ತಾನೂ ಹೀರಿದ. ನೆಲ್ಬಾ ತನ್ನ ಮೇಜಿಗೆ ಹೋಗಿ ಕೂತಳು.

ಪಾಯ್ಸಂದೂ ಊರಿನ ಆ ಹಾಲು ಸಹಕಾರ ಸಂಘದ ಕಚೇರಿಯಲ್ಲಿ ಇದ್ದದ್ದು ಆರು ಜನ. ನೆಲ್ಬಾಳಿಗೆ ಐವತ್ತೆರಡು. ಅವಳ ಗಂಡ ನದಿ ದಾಟಿ ಅರ್ಜೆಂಟೀನಾಕ್ಕೆ ಹೋದವನು ಹೋದವನೇ. ಎಬರ್‌ಗೆ ಐವತ್ತೇಳು, ಮದುವೆಯಿಲ್ಲ, ಮನೆಯಲ್ಲಿ ಕಣ್ಣು ಕಾಣದ ಒಂದು ಮುದಿ ನಾಯಿ. ಹತ್ತೊಂಬತ್ತು ವರ್ಷಗಳಿಂದ ಬೆಳಿಗ್ಗೆ ಎಂಟಕ್ಕೆ ಅವನು ಥರ್ಮಾಸ್ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ. ಮೊದಲ ಬುರುಡೆ ತಾನು ಕುಡಿದು ಎರಡನೆಯದನ್ನು ಅವಳಿಗೆ ಕೊಡುತ್ತಿದ್ದ. ಭಾನುವಾರಗಳೆಂದರೆ ಅವಳಿಗೆ ಆಗುತ್ತಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು, ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುವುದಕ್ಕೇನು ಅವಸರ, ನಾಳೆಯೂ ಬರುತ್ತಾನಲ್ಲ ಎಂದುಕೊಳ್ಳುತ್ತಲೇ ಹತ್ತೊಂಬತ್ತು ವರ್ಷ ಕಳೆದುಹೋಗಿದ್ದವು. ಈಗ ಬಾಯಿಬಿಟ್ಟು ಹೇಳಿದರೆ ದೊಡ್ಡ ಹುದ್ದೆಗೆ ಹೋಗುವವನ ಕಾಲು ಹಿಡಿದು ಎಳೆದ ಹಾಗೆ. ಹೇಳದಿದ್ದರೆ ಜನವರಿ ಕಳೆದ ಮೇಲೆ ಪ್ರತಿದಿನವೂ ಭಾನುವಾರ. ಉಳಿದದ್ದು ಮೂರನೆಯ ದಾರಿ. ಅದು ಅವಳಿಗೆ ಹೊಳೆದದ್ದು ಬಸ್ ನಿಲ್ದಾಣದಲ್ಲಿ, ಮತ್ತು ಹೊಳೆದ ಕೂಡಲೇ ಅವಳಿಗೆ ನಗು ಬಂತು. ಅಷ್ಟು ಸುಲಭವಾಗಿತ್ತು ಅದು.

ಆ ಕಚೇರಿಯಲ್ಲಿ ಇಮೇಲ್ ಕೆಟ್ಟರೆ ಯಾರೂ ಮೊಂಟೆವಿಡಿಯೊದ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡುತ್ತಿರಲಿಲ್ಲ. ಮೊದಲು ನೆಲ್ಬಾಳನ್ನು ಕೂಗುತ್ತಿದ್ದರು. ಗೋಡೆಯ ಮೇಲೆ ಅವಳೇ ಬರೆದು ಅಂಟಿಸಿದ ಹಾಳೆಯಿತ್ತು. ತಲೆಬರಹ 'ಮೊಂಟೆವಿಡಿಯೊಗೆ ಫೋನ್ ಮಾಡುವ ಮೊದಲು'. ಇಂಟರ್ನೆಟ್ ಇದೆಯೇ ನೋಡಿ, ತಂತಿ ಕಳಚಿದೆಯೇ ನೋಡಿ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ. ಪೆಟ್ಟಿಗೆ ತುಂಬಿದೆಯೇ, ಪತ್ರ ಕಸದ ಫೋಲ್ಡರಿಗೆ ಹೋಗಿದೆಯೇ, ಕಳಿಸಿದವರನ್ನು ತಪ್ಪಿ ಎಲ್ಲಾದರೂ ತಡೆಹಿಡಿದಿದ್ದೀರಾ ನೋಡಿ. ಗೊತ್ತಿಲ್ಲದ ಕೊಂಡಿಯನ್ನು ಒತ್ತಬೇಡಿ. ಕೊನೆಯ ಸಾಲಿಗೆ ಕೆಂಪು ಶಾಯಿ: ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಆರೂ ಜನರ ಪಾಸ್‌ವರ್ಡ್ ನೆಲ್ಬಾಳಿಗೆ ಬಾಯಿಪಾಠವಾಗಿತ್ತು. 'ಯಾರಿಗೂ' ಎಂಬುದರಲ್ಲಿ ಅವಳು ಸೇರುತ್ತಾಳೆಂದು ಆ ಕಚೇರಿಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಎಬರ್‌ನ ಪಾಸ್‌ವರ್ಡ್ ಅವನ ನಾಯಿಯ ಹೆಸರು, ಮುಂದೆ ಅದು ಅವನ ಮನೆಗೆ ಬಂದ ವರ್ಷ.

ಅವಳು ಯೋಚನೆಯನ್ನು ಹಾಳೆಯ ಕ್ರಮದಲ್ಲೇ ಮಾಡಿದಳು. ಒಲಸಾಬಲ್ ಮೇಡಂ ವಿಳಾಸವನ್ನು ತಡೆಹಿಡಿಯಬಹುದಿತ್ತು. ಆದರೆ ತಡೆಹಿಡಿದವರ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಪತ್ರ ಹುಡುಕುವಾಗ ಅವನ ಕಣ್ಣೆದುರೇ ಅದು ತೆರೆದುಕೊಳ್ಳುತ್ತದೆ. ಪೆಟ್ಟಿಗೆಯನ್ನು ದೊಡ್ಡ ದೊಡ್ಡ ಫೋಟೊಗಳಿಂದ ತುಂಬಿಸಿಡಬಹುದಿತ್ತು. ಆಗ ಪತ್ರ ಕಳಿಸಿದವರಿಗೇ ಹಿಂದಿರುಗುತ್ತದೆ, ಅವರು ಫೋನ್ ಎತ್ತುತ್ತಾರೆ. ಬೇಡ. ಪತ್ರ ಬರಲಿ, ಸುಖವಾಗಿ ಬಂದು ತಲುಪಲಿ. ತಲುಪಿದ ಮೇಲೆ ಅಳಿಸಿ, ಅಳಿಸಿದ್ದರ ಬುಟ್ಟಿಯನ್ನೂ ಖಾಲಿ ಮಾಡಿದರೆ ಆಯಿತು. ಶುಕ್ರವಾರ ಎಬರ್ ಪತ್ರ ಬರಲಿಲ್ಲ ಎನ್ನುತ್ತಾನೆ, ಅವಳನ್ನೇ ಕರೆಯುತ್ತಾನೆ. ಅವಳು ಒಂದೂ ಹಂತ ಬಿಡದೆ ಪ್ರಾಮಾಣಿಕವಾಗಿ ಹುಡುಕುತ್ತಾಳೆ, ಪ್ರಾಮಾಣಿಕವಾಗಿಯೇ ಏನೂ ಸಿಗುವುದಿಲ್ಲ. ಕಂಪ್ಯೂಟರ್ ವಿಭಾಗದವರನ್ನು ಕೇಳಿದರೂ ಅವರ ಮೊದಲ ಪ್ರಶ್ನೆ ಒಂದೇ, "ನೆಲ್ಬಾ ನೋಡಿದ್ಲಾ?" ನೋಡಿದಳು ಎಂದರೆ ದೂರು ಅಲ್ಲಿಗೇ ಮುಗಿಯಿತು.

ಎಬರ್ ನೇರವಾಗಿ ಒಲಸಾಬಲ್ ಮೇಡಂಗೇ ಫೋನ್ ಮಾಡಿದರೆ? ಮಾಡುವವನಲ್ಲ. ಹೋಟೆಲಿನಲ್ಲಿ ಸಾರು ಸಪ್ಪೆಯಿದ್ದರೆ ಉಪ್ಪು ಕೇಳದೆ ಉಂಡು ಬರುವ ಜಾತಿ ಅವನದು. ನನಗೆ ಹುದ್ದೆ ಯಾಕೆ ಕೊಡಲಿಲ್ಲ ಎಂದು ಕೇಳುವುದುಂಟೇ? ಕೇಳಬೇಕೆಂದರೂ ಹೊತ್ತು ಮೀರಿರುತ್ತದೆ. ಶುಕ್ರವಾರ ವರ್ಷದ ಕೊನೆಯ ಕೆಲಸದ ದಿನ. ಮಧ್ಯಾಹ್ನ ವಾಡಿಕೆಯಂತೆ ಕಿಟಕಿಗಳಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೂರಿ ಮೇಡಂ ಬೇಸಿಗೆ ರಜೆಗೆ ಕಡಲತೀರದ ಮನೆಗೆ ಹೊರಟರೆಂದರೆ ಇಡೀ ಜನವರಿ ಅವರು ದೇವರ ಕರೆಯನ್ನೂ ಎತ್ತುವುದಿಲ್ಲ. ಫೆಬ್ರವರಿಗೆ ಸಾಲ್ತೋದವನು ಆ ಕುರ್ಚಿಯಲ್ಲಿ ಕೂತಿರುತ್ತಾನೆ. ಎಬರ್ ನಾಲ್ಕು ದಿನ ಮುಖ ಸಪ್ಪಗೆ ಮಾಡಿಕೊಂಡಿರುತ್ತಾನೆ, ಅವಳು ಸಮಾಧಾನ ಹೇಳುತ್ತಾಳೆ. ಆಮೇಲೆ ಎಂಟು ಗಂಟೆ, ಥರ್ಮಾಸ್, ಎರಡನೆಯ ಬುರುಡೆ. ಇದನ್ನು ಅಪರಾಧವೆನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಆದರೂ ಬೇರೆ ಹೆಸರು ಸಿಗಲಿಲ್ಲ.

ದೇವರು ಕೂಡ ಅವಳ ಪಕ್ಷದಲ್ಲೇ ಇದ್ದಂತೆ ಕಂಡಿತು. ಗುರುವಾರ ಹಲ್ಲು ಕೀಳಿಸಬೇಕು ಎಂದು ಹೇಳಿ ಎಬರ್ ರಜೆ ಹಾಕಿದ.

"ಏನು ನೆಲ್ಬಾ, ನಿನ್ನ ಗಂಡ ಇವತ್ತು ಬಂದಿಲ್ವಾ?" ಲೆಕ್ಕಪತ್ರದ ಸುಲ್ಮಾ ಎಂದಿನಂತೆ ಕಾಲೆಳೆದಳು.

"ಹಲ್ಲಂತೆ."

"ಈ ವಯಸ್ಸಲ್ಲಿ ಇನ್ನೂ ಹಲ್ಲಿದೆಯಾ ಅದಕ್ಕೆ! ಬೇಗ ಕಟ್ಕೊಳ್ಳೇ, ಪೂರ್ತಿ ಉದುರೋಕೆ ಮುಂಚೆ."

ನೆಲ್ಬಾ ನಕ್ಕಳು. ಹನ್ನೆರಡೂವರೆಗೆ ಸುಲ್ಮಾ, ಉಳಿದವರು ಎಲ್ಲ ಊಟಕ್ಕೂ ಮಧ್ಯಾಹ್ನದ ನಿದ್ದೆಗೂ ಮನೆಗೆ ಹೋದರು. ಮೊಂಟೆವಿಡಿಯೊದವರು ಈ ನಿದ್ದೆಯನ್ನು ಸೋಮಾರಿತನ ಎನ್ನುತ್ತಾರೆ. ಅವರು ಮೇಜಿನ ಮುಂದೆಯೇ ಬ್ರೆಡ್ ಕಚ್ಚುತ್ತ ಕೆಲಸ ಮಾಡುವ ಜನ. ಕಚೇರಿಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. ಅವಳು ಎಬರ್‌ನ ಕುರ್ಚಿಯಲ್ಲಿ ಕೂತಳು. ಕುರ್ಚಿಯ ಬೆನ್ನಿಗೆ ಅವನ ಹಳೆಯ ಸ್ವೆಟರ್ ನೇತಾಡುತ್ತಿತ್ತು. ಅದನ್ನು ಮುಟ್ಟಬಾರದೆಂದುಕೊಂಡು ಮುಟ್ಟಿದಳು.

ಪತ್ರ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಬಂದು, ದಪ್ಪ ಅಕ್ಷರದಲ್ಲಿ ಕಾಯುತ್ತಿತ್ತು. ವಿಷಯ: ಎಬರ್ ಲಾರ್ರೊಸಾ ಅವರ ನೇಮಕ. ಅವಳು ಅದನ್ನು ತೆರೆಯಲಿಲ್ಲ. ಇಷ್ಟು ವರ್ಷ ಆರು ಜನರ ಪೆಟ್ಟಿಗೆಗಳನ್ನು ರಿಪೇರಿ ಮಾಡಿದವಳು ಒಬ್ಬರ ಒಂದು ಪತ್ರವನ್ನೂ ಓದಿದವಳಲ್ಲ. ಸುಲ್ಮಾಳ ಮೈದುನನ ಕಿರಿಕಿರಿಯ ಪತ್ರಗಳನ್ನು ಕೂಡ ಓದಿರಲಿಲ್ಲ, ಅದಕ್ಕೆ ನಿಜಕ್ಕೂ ಸಂಯಮ ಬೇಕಿತ್ತು. ಕದಿಯುವಾಗಲೂ ಮರ್ಯಾದೆ ಬಿಡಲಾರೆ ಎಂಬ ಹಟ ಅವಳದು. ಅಳಿಸಿದಳು. ಬುಟ್ಟಿ ಖಾಲಿ ಮಾಡಿದಳು. 'ಖಚಿತವೇ?' ಎಂದು ಯಂತ್ರ ಕೇಳಿತು. ಖಚಿತ ಎಂದಳು. ಗಡಿಯಾರ ಹನ್ನೆರಡು ಐವತ್ತೆರಡು ತೋರಿಸುತ್ತಿತ್ತು. ಕೀಲಿಮಣೆಯನ್ನು ಕರವಸ್ತ್ರದಿಂದ ಒರೆಸಿದಳು, ಕುರ್ಚಿಯನ್ನು ಮೊದಲಿದ್ದ ಓರೆಗೇ ತಿರುಗಿಸಿಟ್ಟಳು. ತನ್ನ ಮೇಜಿಗೆ ಬಂದು ಕೂತಳು. ಅವನು ಉಳಿದ, ಅವನು ಉಳಿದ ಎಂದುಕೊಂಡಳು. ಆಮೇಲೆ, ಯಾಕೆಂದು ತಿಳಿಯದೆ, ಜೋರಾಗಿ ಅತ್ತಳು.

ಶುಕ್ರವಾರ ಎಬರ್ ಹತ್ತು ಗಂಟೆಗೆ ಬಂದ. ಕಂಕುಳಲ್ಲಿ ಥರ್ಮಾಸ್ ಇರಲಿಲ್ಲ. ಹಲ್ಲು ಕಿತ್ತ ಬಾಯಿಗೆ ಬಿಸಿನೀರು ಆಗುವುದಿಲ್ಲ ಎಂದು ನೆಲ್ಬಾ ತಾನೇ ಅರ್ಥ ಮಾಡಿಕೊಂಡಳು. ಮುಖ ಊದಿರಲಿಲ್ಲ, ಕಣ್ಣು ಮಾತ್ರ ಕೆಂಪಾಗಿತ್ತು.

"ನೋವಾಯ್ತಾ?" ಎಂದು ಕೇಳಿದಳು.

"ಆಯ್ತು," ಎಂದ. ಸ್ವಲ್ಪ ಹೊತ್ತು ಪರದೆ ನೋಡಿ, "ಮೇಡಂ ಪತ್ರ ಕಾಣಿಸ್ತಿಲ್ಲ. ಬಂದು ನೋಡ್ತೀಯಾ?" ಎಂದ.

ಅವಳು ನೋಡಿದಳು. ತಂತಿಯನ್ನು ಅಲುಗಾಡಿಸಿದಳು. ಯಂತ್ರವನ್ನು ಆರಿಸಿ ಹಚ್ಚಿ, ಅದು ಎಚ್ಚರಾಗುವವರೆಗೆ ಪಕ್ಕದಲ್ಲೇ ನಿಂತಳು. ಪೆಟ್ಟಿಗೆ ಅರ್ಧವೂ ತುಂಬಿರಲಿಲ್ಲ. ಕಸದ ಫೋಲ್ಡರಿನಲ್ಲಿ ಲಾಟರಿ ಗೆದ್ದಿದ್ದೀರಿ ಎನ್ನುವ ಎರಡು ಸುಳ್ಳು ಪತ್ರಗಳಿದ್ದವು, ಅವನ್ನು ಮುಟ್ಟಬೇಡ ಎಂದು ಎಚ್ಚರಿಸಿದಳು. ತಡೆಹಿಡಿದವರ ಪಟ್ಟಿ ತೆರೆದು ತೋರಿಸಿದಳು. ಬೇರೆ ಯಂತ್ರದಿಂದಲೂ ಅವನ ಪೆಟ್ಟಿಗೆ ತೆರೆದಳು. ಅವನು ಅಷ್ಟು ಹೊತ್ತೂ ಪರದೆಯನ್ನಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಬಂದೇ ಇಲ್ಲ ಎಬರ್."

"ಇನ್ನೊಂದ್ಸಲ ನೋಡು, ನೆಲ್ಬಾ. ನಿಧಾನಕ್ಕೆ ನೋಡು. ಏನಾದ್ರೂ ಇದ್ರೆ ಹೇಳು."

ಅವನ ದನಿ ಬೇಡುವವನ ದನಿಯಂತಿತ್ತು. ಪಾಪ, ಆಸೆ ಇಟ್ಟುಕೊಂಡಿದ್ದ ಎಂದುಕೊಂಡಳು. ಮೊದಲಿನಿಂದ ಎಲ್ಲವನ್ನೂ ಇನ್ನೊಮ್ಮೆ ಮಾಡಿದಳು. ಆಮೇಲೆ ಅವನ ತೋಳಿನ ಮೇಲೆ ಕೈಯಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

"ಅವರೇ ಕಳಿಸಿಲ್ಲ ಬಿಡು. ಆ ಊರವರಿಗೆ ನಾವೆಲ್ಲಿ ನೆನಪಿರ್ತೀವಿ? ಮರ್ತಿರ್ತಾರೆ."

"ಮರ್ತಿಲ್ಲ," ಎಂದ ಎಬರ್. ಅವಳ ಕೈಯನ್ನು ಮೆಲ್ಲಗೆ ಎತ್ತಿ ಮೇಜಿನ ಮೇಲಿಟ್ಟ.

"ನಿನ್ನೆ ನಾನು ಹಲ್ಲಿನ ಡಾಕ್ಟ್ರ ಹತ್ರ ಹೋಗ್ಲಿಲ್ಲ. ಬೆಳಗಿನ ಐದು ಗಂಟೆ ಬಸ್ಸಲ್ಲಿ ಕೂತು ಮೊಂಟೆವಿಡಿಯೊಗೆ ಹೋಗಿದ್ದೆ. ಕರೆದು ದೊಡ್ಡ ಹುದ್ದೆ ಕೊಡೋರಿಗೆ ಬೇಡ ಅನ್ನೋದನ್ನ ಮುಖ ನೋಡಿ ಹೇಳ್ಬೇಕಲ್ವಾ. ಹೂಂ, ಬೇಡ ಅನ್ನೋಕೇ ಹೋಗಿದ್ದೆ. ಪಾಯ್ಸಂದೂನಲ್ಲಿ ಒಬ್ಳಿದಾಳೆ ಮೇಡಂ, ಅವಳು ಹೋಗು ಅಂತಾನೂ ಅನ್ಲಿಲ್ಲ, ಇರು ಅಂತಾನೂ ಅನ್ಲಿಲ್ಲ, ಆದ್ರೂ ಬಿಟ್ಟು ಬರಕ್ಕಾಗಲ್ಲ ಅಂತ ಹೇಳ್ತಾ ಇದ್ದೆ. ಅಷ್ಟರಲ್ಲಿ ಅವರ ಕಂಪ್ಯೂಟರ್ ಸದ್ದು ಮಾಡ್ತು. ಅವರು ಓದಿ ನಕ್ಕುಬಿಟ್ಟು ಪರದೇನ ನನ್ನ ಕಡೆ ತಿರುಗಿಸಿದ್ರು." ಅವನು ಎರಡಾಗಿ ಮಡಿಸಿದ ಒಂದು ಕಾಗದವನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ. ಒಲಸಾಬಲ್ ಮೇಡಂ ತಾವು ಕಳಿಸುವ ಪ್ರತಿಯೊಂದು ಪತ್ರಕ್ಕೂ ತಲುಪಿದ್ದರ, ಓದಿದ್ದರ ರಸೀತಿ ಕೇಳುವವರು. ಅಂಥ ರಸೀತಿಗಳು ಕೇಳಿದೊಡನೆ ತಾವಾಗಿಯೇ ಹೋಗುವಂತೆ ಕಚೇರಿಯ ಆರೂ ಯಂತ್ರಗಳಿಗೆ ಏರ್ಪಾಡು ಮಾಡಿಟ್ಟಿದ್ದವಳು ನೆಲ್ಬಾಳೇ. ಕಾಗದದಲ್ಲಿ ಒಂದೇ ಸಾಲಿತ್ತು: ಎಬರ್ ಲಾರ್ರೊಸಾ ನಿಮ್ಮ ಪತ್ರವನ್ನು ಓದದೆಯೇ ಅಳಿಸಿದ್ದಾರೆ, ಗುರುವಾರ, 12:52. "ನನ್ನ ಪೆಟ್ಟಿಗೆ ತೆರೆಯೋಕೆ ಈ ಲೋಕದಲ್ಲಿ ಇಬ್ರಿಗೆ ಮಾತ್ರ ಆಗುತ್ತೆ," ಎಂದ ಎಬರ್, "ಒಬ್ಬ ಅವರ ಎದುರಿಗೆ ಕೂತಿದ್ದ." ಕುರ್ಚಿಯ ಬೆನ್ನಿನಿಂದ ಸ್ವೆಟರ್ ತೆಗೆದು ತೋಳಿಗೆ ಹಾಕಿಕೊಂಡ. ನೀನು ಮೇಡಂಗೆ ಏನಂದೆ, ಆಮೇಲೆ ಆ ಹುದ್ದೆಗೆ ಏನಂದೆ ಎಂದು ನೆಲ್ಬಾ ಕೇಳಿದಳು, ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಬರ್ತೀನಿ ಅಂದೆ," ಎಂದ ಎಬರ್.