ಸೀಟಿನಡಿಯ ಕಬ್ಬಿಣದ ಮೊಳೆ

"ಉಳಿದಿದ್ದೆಲ್ಲ ಬಿಚ್ಕೊಳಪ್ಪ, ಬೇಡ ಅನ್ನಲ್ಲ. ಆ ಮೊಳೆ ಒಂದನ್ನ ಮಾತ್ರ ಮುಟ್ಬೇಡ," ಎಂದಳು ಕಾರು ಮಾರಿದ ಮುದುಕಿ.

ಅಸಲಿ ನಕ್ಕ. ಹಳೆಯ ಯುರೋಪಿನ ಕಾರುಗಳನ್ನು ಕಾರ್ಖಾನೆಯಿಂದ ಹೊರಬಿದ್ದ ದಿನದಂತೆ ಮಾಡಿ ನಿಲ್ಲಿಸುವುದು ಅವನ ಕಸುಬು. ಒಂದು ತಿರುಪು ಬೇರೆ ಕಾಲದ್ದಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅದಕ್ಕೇ ಜನ ಇಟ್ಟ ಹೆಸರು ಅಸಲಿ. ಈ ಕಾರಿಗೆ ಮೇಲೆ ತಗಡು ಹೊದಿಸಿದ್ದರೂ ಒಳಗಿನ ಎಲುಬೆಲ್ಲ ಆ್ಯಶ್ ಮರ, ಮರಕ್ಕೆಲ್ಲ ಹಿತ್ತಾಳೆಯ ತಿರುಪು. ಚಾಲಕನ ಸೀಟಿನಡಿಯ ಅಡ್ಡಪಟ್ಟಿಯಲ್ಲಿ ಮಾತ್ರ ಕುಲುಮೆಯಲ್ಲಿ ಬಡಿದ ಬೆರಳುದ್ದದ ಕಬ್ಬಿಣದ ಮೊಳೆ. ಅದರ ಕತ್ತಿಗೆ ಉದ್ದನೆಯ ಕರಿಕೂದಲು ಸುತ್ತಿತ್ತು.

"ನಮ್ಮ ಯಜಮಾನ್ರು ಒಬ್ಬ ಹುಡುಗಿ ಮೇಲೆ ಗಾಡಿ ಹತ್ಸಿ, ನಿಲ್ಸದೆ ಬಂದ್ಬಿಟ್ರು. ಅವಳ ತಾಯಿ ಮಾಟ ಮಾಡ್ಸಿದ್ಲು. ಯಜಮಾನ್ರು ಈ ಕಾರಿನ ಬಾಗಿಲಿಗೇ ಕತ್ತು ಸಿಕ್ಕಿ ಸತ್ರು. ಆಮೇಲೆ ಡ್ರೈವರ್ರೂ ಹಾಗೇ ಸತ್ತ. ಮಂತ್ರವಾದಿ ಬಂದು ಈ ಮೊಳೆ ಹೊಡೆದ ಮೇಲೇ ಇದು ಸುಮ್ನಾಗಿದ್ದು."

"ಅಜ್ಜಿ, ಹಳೇ ಕಾರುಗಳ ಸ್ಪರ್ಧೆಗೆ ಇದನ್ನ ಒಯ್ತೀನಿ, ಅಲ್ಲಿ ತೀರ್ಪುಗಾರರು ಸೀಟಿನಡಿಗೂ ಬಗ್ಗಿ ನೋಡ್ತಾರೆ. ನಿಮ್ಮ ಮಂತ್ರವಾದಿ ಕಾರ್ಖಾನೇಲಿ ಕೆಲಸಕ್ಕಿದ್ನಾ ಅಂತ ಕೇಳಿದ್ರೆ ಏನ್ ಹೇಳ್ಲಿ?"

ಮುದುಕಿ ಮನೆಯ ಬಾಗಿಲು ಹಾಕಿಕೊಂಡಳು.

ವರ್ಕ್‌ಶಾಪಿನಲ್ಲಿ ಮೂರೇ ಜನ: ಅಸಲಿ, ಸೀಟು ಹೊಲಿಯುವ ಅವನ ಹೆಂಡತಿ, ತಗಡಿನ ಕೆಲಸ ಮಾಡುವ ಅವಳ ತಮ್ಮ.

"ಬಿಟ್ಬಿಡಿ ಭಾವ," ಎಂದ ತಗಡಿನವನು. "ಬಣ್ಣ ಬಳಿದ್ರೆ ಯಾರಿಗ್ ಕಾಣುತ್ತೆ?"

"ನನಗೆ ಕಾಣುತ್ತಲ್ಲ."

ಅಸಲಿ ಇಕ್ಕಳ ಹಾಕಿ ಜಗ್ಗಿದ. ಮೊಳೆ ಕುಯ್ಯೆಂದು ಕಿರುಚುತ್ತ ಬಂತು. ತೂತಿನಿಂದ ಹಸಿ ರಕ್ತದ ವಾಸನೆ ಮೂಗಿಗೆ ಬಡಿಯಿತು. ಮೂಗೊರೆಸಿಕೊಂಡು ಮೊಳೆಯನ್ನು ಗುಜರಿ ಡಬ್ಬಕ್ಕೆ ಎಸೆದ. ಅದೇ ಕಾಲದ ಇನ್ನೊಂದು ಕಾರಿನ ಒಡಕು ಮರದ ಚೌಕಟ್ಟಿನಿಂದ ಎಳೆಗೆ ಎಳೆ ಕೂಡುವ ಚೂರು ಆರಿಸಿ, ತೂತಿಗೆ ಹದವಾಗಿ ಕೆತ್ತಿ, ಚರ್ಮ ಕುದಿಸಿ ಮಾಡಿದ ಸರೇಸಿನ ಅಂಟು ಸವರಿ ಬಡಿದ. ಕೀಸಿದ, ತಿಕ್ಕಿದ, ಬಣ್ಣ ಕೂಡಿಸಿದ.

"ತೂತು ಎಲ್ಲಿತ್ತು ಹೇಳು ನೋಡೋಣ," ಎಂದು ಹೆಂಡತಿಯನ್ನು ಕರೆದ.

ಹೊಲಿದು ಹೊಲಿದು ಕೂದಲೆಳೆಯೂ ತಿಳಿಯುವ ಬೆರಳು ಅವಳದು. ಪಟ್ಟಿಯುದ್ದಕ್ಕೂ ಸವರಿ ಸೋತಳು. ಅಸಲಿಯ ಎದೆ ಉಬ್ಬಿತು. ಆಮೇಲೆ ತಾನೇ ಸವರಿ ನೋಡಿದ. ತನಗೂ ಸಿಗಲಿಲ್ಲ!

ಅದೇ ವಾರ ಎಂಜಿನ್ನಿನ ಮೇಲಿನ ಬಾನೆಟ್ ದಬ್ಬೆಂದು ಬಿದ್ದು ತಗಡಿನವನ ಬೆರಳು ಕತ್ತರಿಸಿತು. ಎಣ್ಣೆಯ ತಟ್ಟೆಯಲ್ಲಿ ಎರಡು ಬೆರಳು ಬಿದ್ದಿದ್ದವು.

"ಆನಿಸಿದ್ದ ಕೋಲು ಜಾರ್ತು ಅಷ್ಟೆ," ಎಂದ ಅಸಲಿ.

"ಜಾರಿಲ್ಲ ಭಾವ. ಕಚ್ತು."

"ತಗಡಿಗೆ ಹಲ್ಲಿರುತ್ತೇನೋ? ನಡಿ ಆಸ್ಪತ್ರೆಗೆ."

ಹೊರಡುವ ಮುನ್ನ ಅವನು ಬಾನೆಟ್ಟಿನ ಮೇಲಿನ ರಕ್ತ ಒರೆಸಿದ. ಹೊಸ ಬಣ್ಣ ಕಲೆಗಟ್ಟಬಾರದಲ್ಲ.

ತಗಡಿನವನು ಕೈಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿದ್ದ. ಕಾರಿನಲ್ಲಿ ಉಳಿದದ್ದು ಚಾಲಕನ ಸೀಟೊಂದೇ. ಧೂಳು ಕೂರಬಾರದೆಂದು ಮಧ್ಯಾಹ್ನವೇ ಶಟರ್ ಎಳೆದಿದ್ದರು. ಒಳಗೆ ಗವ್ವೆನ್ನುವ ಕತ್ತಲು, ಒಂದು ಬಲ್ಬು, ಸರೇಸಿನ ಕಮಟು. ಇಂಥ ಸೀಟಿನ ಗುಂಡಿಗಳಿಗೆ ಮೇಲಿನಿಂದ ಉದ್ದ ಸೂಜಿ ಇಳಿಸಿ, ಅಡಿಯಿಂದ ಕೈ ತೂರಿಸಿ ಗಂಟು ಹಾಕಬೇಕು. ಹೆಂಡತಿ ಕಾರಿನ ಪಕ್ಕ ಮಂಡಿಯೂರಿ, ತೆರೆದ ಬಾಗಿಲಿನಿಂದ ತಲೆ ಬಗ್ಗಿಸಿ, ಅಡ್ಡಪಟ್ಟಿಯ ಕೆಳಗೆ ಬಲತೋಳು ತೂರಿಸಿದಳು.

"ರೀ."

"ಏನೇ?"

"ಯಾರೋ ಕೈ ಹಿಡ್ಕೊಂಡಿದಾರೆ."

"ಸ್ಪ್ರಿಂಗಿಗೆ ಸಿಕ್ಕಿರುತ್ತೆ. ತಿರುಗಿಸಿ ಎಳಿ."

"ಬೆರಳಿದೆ ಕಣ್ರೀ. ಉಗುರಿದೆ."

ಪಟ್ಟಿ ಕೆಳಗಿಳಿಯಿತು. ಗಟ್ಟಿ ಮರ ಇಳಿಯುವುದನ್ನು ಅಸಲಿ ಕಣ್ಣಾರೆ ಕಂಡ. ಒಣಕಡ್ಡಿ ಮುರಿದ ಸದ್ದು. ಅದು ಕಡ್ಡಿಯಲ್ಲ. ಅವಳು ಚೀರಿದಳು. ಹನಿ ಪೆಟ್ರೋಲಿಲ್ಲದ ಎಂಜಿನ್ ಗುರುಗುಟ್ಟಿತು. ಸುಟ್ಟ ಕೂದಲ ವಾಸನೆ ಎದ್ದಿತು.

ಅಸಲಿ ಗುಜರಿ ಡಬ್ಬ ಬೋರಲು ಹಾಕಿದ. ಮೊಳೆ ಸಿಕ್ಕಿತು. ಕೂದಲು ಒದ್ದೆಯಾಗಿತ್ತು. ಸುತ್ತಿಗೆ ಹಿಡಿದು ಓಡಿಬಂದ. ಎಲ್ಲಿ ಹೊಡೆಯುವುದು? ಪಟ್ಟಿ ಸವರಿದ. ಗೆರೆಯಿಲ್ಲ. ಉಬ್ಬಿಲ್ಲ. ತಗ್ಗಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿದ್ದ.

ಅಂದಾಜಿನಲ್ಲಿ ಹೊಡೆದ. ಪಟ್ಟಿ ಇನ್ನೂ ಬಿಗಿಯಿತು. ಕಿತ್ತು ಪಕ್ಕದಲ್ಲಿ ಹೊಡೆದ. ಅಡಿಯಲ್ಲಿ ಅವಳ ತೋಳಿನ ಮಾಂಸ ಒಡೆಯಿತು. ಮೊಳೆ ಬಾಗಿ ಕೈಜಾರಿ ಎಲ್ಲೋ ಹೋಯಿತು. ಆಗ ಬಾಗಿಲು ತಿರುಗಿತು. ತಾನಾಗಿಯೇ. ಮೆಲ್ಲಗೆ. ಅವಳ ಕತ್ತಿನ ಕಡೆಗೆ. ಅಸಲಿ ಬೆನ್ನು ಕೊಟ್ಟ. ಅವನ ಪಕ್ಕೆಲುಬು ಲಟಕ್ಕೆಂದಿತು. ಇನ್ನೊಂದು ಗೇಣು ಬಂದರೆ ಮುಗಿಯಿತು.

"ಬಿಡಿಸ್ರೀ," ಎಂದಳು. "ಹೇಗಾದ್ರೂ ಬಿಡಿಸ್ರೀ."

ಕೈಗೆ ಗರಗಸ ಸಿಕ್ಕಿತು. ಹಲ್ಲು ಇಟ್ಟ. ಎತ್ತಿದ. ಮತ್ತೆ ಇಟ್ಟ. ಕಣ್ಣು ಮುಚ್ಚಿ ಕೊಯ್ದ. ಬಿಸಿ ರಕ್ತ ಮುಖಕ್ಕೆ ಚಿಮ್ಮಿತು. ಎಲುಬಿಗೆ ಹಲ್ಲು ಕಚ್ಚಿ ನಿಂತಿತು. ಜಗ್ಗಿದ. ನೂಕಿದ. ಜಗ್ಗಿದ. ಅವಳು ಹಿಂದಕ್ಕೆ ಬಿದ್ದಳು, ಅವನೂ ಹೊರಗುರುಳಿದ. ಬಾಗಿಲು ಧಡಾರೆಂದು ಮುಚ್ಚಿಕೊಂಡಿತು. ಎಂಜಿನ್ ಹೊಟ್ಟೆ ತುಂಬಿದಂತೆ ಸುಮ್ಮನಾಯಿತು.

ಅವಳು ಉಳಿದಳು. ಆಸ್ಪತ್ರೆಯಲ್ಲಿ ಅವಳಿಗೆ ಪೂರ್ತಿ ಎಚ್ಚರ ಬಂದಾಗ ಅಸಲಿ ಎದೆಗೆ ಬಟ್ಟೆ ಬಿಗಿಸಿಕೊಂಡು ಪಕ್ಕದಲ್ಲಿ ಕೂತಿದ್ದ. ಕಾರಿಗೆ ಬೆಂಕಿಯಿಟ್ಟು ಬಂದ ತಗಡಿನವನ ಅಂಗಿಯಿಂದ ಹೊಗೆ ನಾರುತ್ತಿತ್ತು.

"ಒಂದು ಮಾತು ಕೇಳ್ಲಾ?" ಎಂದಳು ಗಂಡನಿಗೆ.

"ಕೇಳು."

"ಗರಗಸ ನಿಮ್ಮ ಕೈಯಲ್ಲೇ ಇತ್ತು. ಆ ಪಟ್ಟಿ ನನ್ನ ತೋಳಿಗಿಂತ ತೆಳು. ಮರ ಯಾಕ್ರೀ ಕೊಯ್ಲಿಲ್ಲ?"

ತಗಡಿನವನು ತಲೆಯೆತ್ತಿ ಭಾವನನ್ನು ನೋಡಿದ.

"ಆ ಗಾಬರೀಲಿ... ತೋಚಲಿಲ್ಲ ಕಣೇ," ಎಂದ ಅಸಲಿ.

"ತೋಚಿತ್ತು. ಮೊದಲು ಮರದ ಮೇಲೇ ಇಟ್ರಿ. ಆಮೇಲೆ ಎತ್ತಿದ್ರಿ," ಎಂದು ಅವಳು ಗೋಡೆಯ ಕಡೆ ಹೊರಳಿದಳು. "ನಾನು ನೋಡ್ತಾನೇ ಇದ್ದೆ."