ಕತ್ತು ತಿರುಗಿಸಿದ ಹಕ್ಕಿ

ಸಂಘಮಿತ್ರ ಮಿಸ್ ಬೋರ್ಡಿನ ಕಡೆ ತಿರುಗಿದ್ದೇ ತಡ, ಅಕ್ಷತಳ ಕೈಯಲ್ಲಿದ್ದ ಪೆನ್ಸಿಲ್ ನಿಂತುಬಿಟ್ಟಿತು.

ಮಿಸ್ಸಿನ ಸೆರಗಿನ ಮೇಲೆ ಅಕ್ಷತಳ ಮನೆಯ ಹಕ್ಕಿ ಕೂತಿತ್ತು.

ಮನೆಯ ಹಕ್ಕಿ ಅಂದರೆ ಪಂಜರದ್ದಲ್ಲ. ಅವಳಪ್ಪ ಕಾಂತರಾಜು ತನ್ನ ಮಗ್ಗದಲ್ಲಿ ನೇಯುತ್ತಿದ್ದ ಹಕ್ಕಿ. ಕತ್ತು ಹಿಂದಕ್ಕೆ ತಿರುಗಿಸಿ ತನ್ನ ಬಾಲವನ್ನೇ ನೋಡಿಕೊಳ್ಳುತ್ತದೆ. ತಲೆಯ ಮೇಲೆ ಮೂರು ಗರಿ. ಬಾಲದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆ. ಇಡೀ ದೊಡ್ಡಬಳ್ಳಾಪುರದಲ್ಲಿ ಇಂಥ ಹಕ್ಕಿ ಇನ್ನೊಂದು ಮಗ್ಗದಲ್ಲಿಲ್ಲ ಎಂದು ಅಪ್ಪ ಹೇಳಿದ್ದ. ಅದರ ಮೊದಲ ಸೀರೆಯೇ ಇನ್ನೂ ಮಗ್ಗದಿಂದ ಇಳಿದಿರಲಿಲ್ಲ.

ಮತ್ತೆ ಮಿಸ್ ಉಟ್ಟಿದ್ದು ಏನು?

"ಏನೇ, ದೆವ್ವ ನೋಡ್ದಂಗೆ ನೋಡ್ತಿದೀಯ?" ಪಕ್ಕದಲ್ಲಿದ್ದ ರಮ್ಯ ಮೊಣಕೈಯಿಂದ ತಿವಿದಳು. ರಮ್ಯ ಅವಳ ಕ್ಲಾಸ್‌ಮೇಟ್ ಅಷ್ಟೇ ಅಲ್ಲ, ಪಕ್ಕದ ಮನೆಯವಳೂ ಹೌದು.

ಅಕ್ಷತ ಬೆಲ್ ಹೊಡೆದ ಕೂಡಲೇ ಮಿಸ್ಸಿನ ಟೇಬಲ್ ಹತ್ತಿರ ಓಡಿದಳು.

"ಮಿಸ್, ಈ ಸೀರೆ ಎಲ್ಲಿ ತಗೊಂಡ್ರಿ?"

"ಆನ್‌ಲೈನಲ್ಲಿ ಕಣಮ್ಮ. ನೆನ್ನೆ ತಾನೇ ಬಂತು. ಚೆನ್ನಾಗಿದ್ಯಾ?"

ಅಕ್ಷತ ಚೆನ್ನಾಗಿದೆ ಅನ್ನಲಿಲ್ಲ. ಸೆರಗಿನ ತುದಿ ಹಿಡಿದು ಮಗುಚಿ ನೋಡಿದಳು. ಮಗ್ಗದ ಬೀದಿಯ ಮಕ್ಕಳಿಗೆ ಇದು ಅಭ್ಯಾಸ. ಬಟ್ಟೆ ಕೈಗೆ ಸಿಕ್ಕಿದರೆ ಮೊದಲು ಅದರ ಬೆನ್ನು ನೋಡುತ್ತಾರೆ. ನೇಯ್ದ ಹಕ್ಕಿಯಾದರೆ ಬೆನ್ನ ಕಡೆ ಬಣ್ಣದ ಎಳೆಗಳು ಕಾಣಬೇಕು. ಇಲ್ಲಿ ಎಳೆ ಇರಲಿಲ್ಲ. ಸಾಂಬಾರು ಚೆಲ್ಲಿ ಒರೆಸಿದ ಹಾಗೆ ಮಂಕು ಕಲೆ ಇತ್ತು. ಬರೀ ಪ್ರಿಂಟು.

"ಮಿಸ್, ಇವಳು ನಿಮ್ಮ ಸೀರೆ ಎಳೀತಾವ್ಳೆ," ಎಂದು ಹಿಂದಿನಿಂದ ಯಾರೋ ಕೂಗಿದರು. ಕ್ಲಾಸೆಲ್ಲ ನಕ್ಕಿತು.

"ಯಾಕಮ್ಮ, ಏನಾಯ್ತು?" ಎಂದರು ಮಿಸ್.

"ಏನಿಲ್ಲ ಮಿಸ್."

ಅವಳು ಸೆರಗು ಬಿಟ್ಟು ಬೆಂಚಿಗೆ ವಾಪಸ್ ಹೋದಳು.

ಅಕ್ಷತಳ ಬೀದಿಯಲ್ಲಿ ಹೊಸ ಡಿಸೈನ್ ಅಂದರೆ ಗುಟ್ಟು. ಮಗ್ಗಕ್ಕೆ ಹಾಕಿದ ದಿನದಿಂದ ಕಿಟಕಿ ಮುಚ್ಚುತ್ತಾರೆ. ಯಾರಾದರೂ ಬಾಗಿಲಿಗೆ ಬಂದರೆ ಹಳೇ ಬೆಡ್‌ಶೀಟು ತಂದು ಮಗ್ಗದ ಮೇಲೆ ಎಳೆಯುತ್ತಾರೆ. ಸ್ವಂತ ಭಾವಮೈದುನ ಬಂದರೂ ಅಷ್ಟೇ. ಸೀರೆ ಅಂಗಡಿ ಸೇರುವ ತನಕ ಮನೆಯವರ ಬಾಯಿಗೆ ಬೀಗ. ಈ ಸಲ ಸೆಕೆಯಲ್ಲಿ ಕಿಟಕಿ ಮುಚ್ಚಿ ಮುಚ್ಚಿ ಅಪ್ಪನ ಬೆನ್ನ ತುಂಬ ಬೆವರುಸಾಲೆ ಎದ್ದಿತ್ತು.

ಅಮ್ಮ ಎಷ್ಟೋ ಸಲ ಹೇಳಿದ್ದಳು, ಮಗ್ಗ ಬಿಟ್ಟು ಫೋನ್ ಫ್ಯಾಕ್ಟರಿಗೆ ಸೇರಿಕೋ ಎಂದು. ಅಪ್ಪ ಒಂದೇ ಮಾತು ಹೇಳುತ್ತಿದ್ದ. "ವರಮಹಾಲಕ್ಷ್ಮಿ ಹಬ್ಬಕ್ಕೆ ಈ ಹಕ್ಕಿ ಓಡ್ಲಿ. ಓಡ್ಲಿಲ್ಲ ಅಂದ್ರೆ ನಾನೇ ಫ್ಯಾಕ್ಟ್ರಿಗೆ ಹೋಗ್ತೀನಿ."

ಹಬ್ಬ ಇನ್ನೂ ಬಂದಿರಲಿಲ್ಲ. ಹಕ್ಕಿ ಆಗಲೇ ಮಿಸ್ಸಿನ ಹೆಗಲೇರಿತ್ತು.

ಯಾರು ತೋರಿಸಿದರು? ಸ್ಕೂಲ್ ಬಿಡುವ ತನಕ ಅಕ್ಷತಳ ತಲೆಯಲ್ಲಿ ಅದೊಂದೇ. ಅವಳಿಗೆ ಗೊತ್ತಿದ್ದ ಹಾಗೆ, ಮನೆಯವರನ್ನು ಬಿಟ್ಟರೆ ಹಕ್ಕಿಯನ್ನು ನೋಡಿದವರು ಒಬ್ಬರೇ. ರಮ್ಯಳ ಅಪ್ಪ, ಕೆಂಪರಾಜು ಮಾಮ. ಮಗ್ಗ ಸಿಕ್ಕಿಹಾಕಿಕೊಂಡಾಗ ರಿಪೇರಿಗೆ ಬಂದಿದ್ದರು. ಕೈಯಲ್ಲಿ ಫೋನಿತ್ತು. ಟಾರ್ಚ್ ಹಾಕಿಕೊಂಡು ಬಗ್ಗಿ ಬಗ್ಗಿ ನೋಡಿದ್ದರು.

ಟಾರ್ಚ್ ಹಾಕಿದವರಿಗೆ ಫೋಟೊ ತೆಗೆಯುವುದು ಎಷ್ಟೊತ್ತಿನ ಕೆಲಸ?

ದಾರಿಯಲ್ಲಿ ಹಿಂದಿನಿಂದ ರಮ್ಯ ಕೂಗಿದಳು. "ಲೇ, ನಿಂತ್ಕೊಳೇ. ಏನ್ ಅವಸರ ನಿಂಗೆ?"

ಅಕ್ಷತ ತಿರುಗಿ ನಿಂತಳು. "ನಿಮ್ಮಪ್ಪ ಕಳ್ಳ ಕಣೇ."

"ಏನಂದೆ?"

"ನಮ್ಮ ಡಿಸೈನ್ ಕದ್ದು ಮಾರ್ಕೊಂಡವ್ರೆ. ಮಿಸ್ ಸೀರೆ ಮೇಲೆ ನಾನೇ ನೋಡ್ದೆ."

ರಮ್ಯ ಜಗಳವಾಡಲಿಲ್ಲ. ಬ್ಯಾಗನ್ನು ಎದೆಗವುಚಿಕೊಂಡು ಪಕ್ಕದ ಸಂದಿಯಲ್ಲಿ ಓಡಿಹೋದಳು.

ಮನೆ ಹತ್ತಿರ ಬರುವಾಗಲೇ ಕರೆಂಟ್ ಮಗ್ಗದ ಸದ್ದು ಕೇಳುತ್ತಿತ್ತು. ಅಪ್ಪ ಅವಳ ಮುಖ ನೋಡಿದವನೇ ಸ್ವಿಚ್ ಆರಿಸಿದ. ಆ ಸದ್ದು ನಿಂತರೆ ಮನೆ ಇದ್ದಕ್ಕಿದ್ದಂತೆ ಬೇರೆ ಯಾರದೋ ಮನೆಯ ಹಾಗೆ ಅನ್ನಿಸುತ್ತದೆ.

"ಅಪ್ಪ, ನಮ್ಮ ಹಕ್ಕಿ ಮಿಸ್ ಸೀರೆ ಮೇಲಿದೆ. ಅದೇ ಕತ್ತು. ಅದೇ ಮೂರು ಗರಿ. ಪ್ರಿಂಟು. ಆನ್‌ಲೈನಲ್ಲಿ ಬಂದಿದೆ."

ಅಪ್ಪ ಮಗ್ಗದ ಪಕ್ಕದ ಸ್ಟೂಲಿನ ಮೇಲೆ ಮೆಲ್ಲಗೆ ಕೂತ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ಕೆಂಪರಾಜು ಮಾಮ. ಅಭ್ಯಾಸಬಲದಿಂದ ಅಪ್ಪನ ಕೈ ಬೆಡ್‌ಶೀಟಿನ ಕಡೆ ಹೋಯಿತು, ಅರ್ಧಕ್ಕೇ ನಿಂತಿತು.

"ಏನವ್ವ ಅಕ್ಷತ," ಎಂದರು ಮಾಮ. "ನಾನು ಕಳ್ಳ ಅಂತೆ? ನಮ್ಮ ರಮ್ಯ ಮನೇಲಿ ಅಳ್ತಾ ಕೂತವ್ಳೆ."

ಅಕ್ಷತಳಿಗೆ ಭಯವಾಯಿತು. ಆದರೂ ಬಿಡಲಿಲ್ಲ. "ಅವತ್ತು ನಿಮ್ಮ ಕೈಲಿ ಫೋನಿತ್ತು ಮಾಮ."

ಮಾಮ ಜೇಬಿನಿಂದ ಫೋನ್ ತೆಗೆದು ಅವಳ ಮುಂದೆ ಹಿಡಿದರು. "ತಗೋ, ಪೂರ್ತಿ ಹುಡುಕು. ಅದ್ರಲ್ಲಿರೋದು ನಮ್ಮ ರಮ್ಯನ ಮೂತಿ, ಇಲ್ಲಾಂದ್ರೆ ನಮ್ಮ ಹಸು ಮೂತಿ."

"ಅವನಲ್ಲ ಕಣಮ್ಮ." ಅಪ್ಪನ ದನಿ ಎಷ್ಟು ತಗ್ಗಿತ್ತೆಂದರೆ ಇಬ್ಬರೂ ತಿರುಗಿ ನೋಡಿದರು.

"ಮತ್ತೆ ಯಾರಪ್ಪ?"

ಅಪ್ಪ ತನ್ನ ಫೋನ್ ತೆಗೆದ. ಬೆರಳಲ್ಲಿ ತಳ್ಳುತ್ತಾ ತಳ್ಳುತ್ತಾ ಒಂದು ವಿಡಿಯೊ ಹುಡುಕಿ ಅವಳ ಕೈಗೆ ಕೊಟ್ಟ.

ಯಾವುದೋ ಬೆಟ್ಟದೂರು. ಒಬ್ಬ ಅಜ್ಜಿ ನೆಲದ ಮೇಲೆ ಕೂತಿದ್ದರು. ಅವರ ಮುಂದೆ ಮಗ್ಗವೇ ಇರಲಿಲ್ಲ. ನೂಲಿನ ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೇ ಬಿಗಿದುಕೊಂಡಿದ್ದರು. ಎಳೆ ಬಿಗಿಯಾಗಬೇಕೆಂದರೆ ಹಿಂದಕ್ಕೆ ವಾಲುತ್ತಿದ್ದರು. ಸಡಿಲ ಬೇಕೆಂದರೆ ಮುಂದಕ್ಕೆ ಬಾಗುತ್ತಿದ್ದರು. ಮಡಿಲಲ್ಲಿದ್ದ ಬಟ್ಟೆಯ ಮೇಲೆ ಹಕ್ಕಿ. ಕತ್ತು ತಿರುಗಿಸಿ ಬಾಲ ನೋಡುತ್ತಿತ್ತು. ತಲೆಯ ಮೇಲೆ ಮೂರು ಗರಿ.

"ಇದು ನಮ್ಮ ಹಕ್ಕಿ," ಎಂದಳು ಅಕ್ಷತ.

"ಅವರ ಹಕ್ಕಿ," ಎಂದ ಅಪ್ಪ.

"ನೀನೇ ಬರೆದಿದ್ದಲ್ವಾ?"

"ಬಣ್ಣ ನಂದು. ಅಂಚು ನಂದು. ಹಕ್ಕಿ ಮಾತ್ರ ಇಲ್ಲಿಂದ ಎತ್ಕೊಂಡೆ. ಇಷ್ಟ ಆಯ್ತು. ಸ್ಕ್ರೀನ್‌ಶಾಟ್ ಹೊಡೆದು ಡಿಸೈನ್ ಮಾಡೋ ಹುಡುಗನಿಗೆ ಕೊಟ್ಟೆ." ಅಪ್ಪ ನೆಲ ನೋಡಿಕೊಂಡೇ ಮಾತಾಡಿದ. "ನನ್ನಂಗೇ ಇನ್ಯಾರೋ ಹೊಡ್ಕೊಂಡವ್ರೆ. ಅವ್ರ ಹತ್ರ ಪ್ರಿಂಟ್ ಮೆಷಿನ್ ಇದೆ, ಒಂದೇ ದಿನಕ್ಕೆ ರಾಶಿ ಹಾಕ್ತಾರೆ. ನಮ್ಮನೆಗೆ ಬಂದು ಯಾರೂ ಕದೀಲಿಲ್ಲ ಮಗಾ. ನಾವಿದೀವಿ ಅಂತಾನೇ ಅವ್ರಿಗೆ ಗೊತ್ತಿಲ್ಲ."

ಅಕ್ಷತ ಮುಚ್ಚಿದ ಕಿಟಕಿಯನ್ನು ನೋಡಿದಳು. ಬೆಡ್‌ಶೀಟು ನೋಡಿದಳು. ಇಷ್ಟು ದಿನ ಇಲ್ಲಿ ಅಡಗಿಸಿಟ್ಟಿದ್ದು ಅಲ್ಲಿ, ಫೋನಿನಲ್ಲಿ, ಪ್ರಪಂಚಕ್ಕೆಲ್ಲ ಕಾಣುವಂತೆ ಕೂತಿತ್ತು.

"ನೂಲು ಚೀನಾದ್ದು, ಮಗ್ಗ ಸೂರತ್ತಿಂದು, ಹಕ್ಕಿ ಯಾವ್ ದೇಶದ್ದೋ," ಎಂದರು ಕೆಂಪರಾಜು ಮಾಮ. "ನಮ್ದು ಅಂತ ಇರೋದು ಕರೆಂಟ್ ಬಿಲ್ಲೊಂದೇ ಗುರು." ಯಾರೂ ನಗಲಿಲ್ಲ. ಮಾಮನೂ ನಗಲಿಲ್ಲ.

"ಈ ಫೋನ್ ಬಂದಿದ್ದೇ ತಪ್ಪು," ಎಂದು ಅಕ್ಷತ ಫೋನನ್ನು ಸ್ಟೂಲಿನ ಮೇಲೆ ಕುಕ್ಕಿದಳು.

"ಹಂಗನ್ಬೇಡ," ಎಂದ ಅಪ್ಪ. "ಹೋದ ವರ್ಷ ನಮ್ಮ ಸೀರೆ ಮಲೇಷ್ಯಾಕ್ಕೆ ಹೋಗಿದ್ದು ಈ ಫೋನಿಂದಾನೇ. ಅವತ್ತು ಸ್ಕೂಲೆಲ್ಲ ಹೇಳ್ಕೊಂಡು ಬಂದೋಳು ನೀನೇ."

ಅದೂ ನಿಜವೇ.

ಅಪ್ಪ ಮಗ್ಗದ ಮೇಲಿದ್ದ ಹಕ್ಕಿಯ ಫೋಟೊ ತೆಗೆದು ಸೀರೆ ಅಂಗಡಿಯ ಆದಿನಾರಾಯಣಪ್ಪನವರಿಗೆ ಕಳಿಸಿದ. ಆಮೇಲೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಅಯ್ಯೋ, ಇದೇನಾ ಕಾಂತರಾಜು ನೀನು ಹಬ್ಬಕ್ಕೆ ಅಂತ ಹೇಳಿದ್ದು?" ಎಂದಿತು ಆ ಕಡೆಯ ದನಿ. "ಅಂಗಡಿಗೆ ಬರೋ ಹೆಣ್ಮಕ್ಕಳೆಲ್ಲ ಫೋನಲ್ಲಿ ಈ ಹಕ್ಕೀನೇ ತೋರಿಸ್ತವ್ರೆ ಕಣಪ್ಪ. ಇದೇ ರೇಟಿಗೆ ಕೊಡ್ತೀರಾ ಅಂತಾರೆ."

"ನಂದು ನೇಯ್ದಿರೋದು ಸಾರ್. ಪ್ರಿಂಟಲ್ಲ."

"ನನಗೆ ಗೊತ್ತಪ್ಪ. ಅವ್ರಿಗೆ ಯಾರು ಹೇಳೋದು? ಅವ್ರು ಫೋಟೊ ನೋಡ್ತಾರೆ, ಮಗುಚಿ ನೋಡಲ್ಲ. ಬೇರೆ ಏನಾದ್ರೂ ಇದ್ರೆ ತಗೊಂಡ್ ಬಾ."

ಬೇರೆ ಏನೂ ಇರಲಿಲ್ಲ. ಹಬ್ಬದೊಳಗೆ ಹೊಸ ಡಿಸೈನ್ ತೆಗೆಸಿ ನೇಯುವಷ್ಟು ದಿನವೂ ಇರಲಿಲ್ಲ. ಅಪ್ಪ ಎದ್ದು ಕಿಟಕಿ ತೆರೆದ. ಗಾಳಿ ಬಂತು. ಕೆಂಪರಾಜು ಮಾಮ ಅಪ್ಪನ ಭುಜದ ಮೇಲೆ ಕೈಯಿಟ್ಟು ಹೊರಟುಹೋದರು.

ಸಂಜೆ ಅಮ್ಮ ಗಾರ್ಮೆಂಟ್ಸಿನಿಂದ ಬಂದಳು. ಎಲ್ಲ ಕೇಳಿದಳು. ನಾನು ಆವತ್ತೇ ಹೇಳಿರಲಿಲ್ವಾ ಎಂದು ಕೇಳಲಿಲ್ಲ. ಸೋಮವಾರದಿಂದ ಅಪ್ಪ ಫ್ಯಾಕ್ಟರಿಗೆ ಹೋಗುವುದೆಂದಾಯಿತು. ಮಗ್ಗ ಮಾರುವುದು ಬೇಡ, ಮೂಲೆಯಲ್ಲಿರಲಿ ಎಂದು ಅಮ್ಮನೇ ಅಂದಳು. ಅಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದ, ತಿನ್ನದೆ ಹಾಗೇ ಕೂತ.

ಮರುದಿನ ಬೆಳಿಗ್ಗೆ ಅವಳು ರಮ್ಯಳ ಗೇಟಿನ ಹತ್ತಿರ ಕಾದಳು. ರಮ್ಯ ಹೊರಗೆ ಬಂದು, ನೋಡಿಯೂ ನೋಡದ ಹಾಗೆ ಮುಂದೆ ನಡೆದಳು. ಅಕ್ಷತ ಓಡಿ ಜೊತೆಗೂಡಿದಳು.

"ತಪ್ಪಾಯ್ತು ಕಣೇ. ನಿಮ್ಮಪ್ಪ ಏನೂ ಮಾಡಿಲ್ಲ."

"ನಂಗೊತ್ತು." ರಮ್ಯ ನಿಲ್ಲಲಿಲ್ಲ.

ಬೀದಿಯ ತಿರುವು ದಾಟಿದ ಮೇಲೆ ರಮ್ಯಳಿಗೇ ತಡೆಯಲಾಗಲಿಲ್ಲ. "ಹಂಗಾದ್ರೆ ಆ ಹಕ್ಕಿ ಯಾರದೇ? ಕೇಳಿದ್ರೆ ನಮ್ಮಪ್ಪ ಬಾಯೇ ಬಿಡ್ಲಿಲ್ಲ."

"ಒಬ್ಬ ಅಜ್ಜಿದು. ತುಂಬಾ ದೂರ ಇದಾರೆ. ಸೊಂಟಕ್ಕೆ ಕಟ್ಕೊಂಡು ನೇಯ್ತಾರೆ."

"ಸೊಂಟಕ್ಕಾ? ಅವರ ಹೆಸರೇನು?"

"ಗೊತ್ತಿಲ್ಲ."

"ಯಾವ ದೇಶ?"

"ಅಪ್ಪಂಗೂ ಗೊತ್ತಿಲ್ಲ."

ರಮ್ಯ ಸ್ವಲ್ಪ ಯೋಚಿಸಿದಳು. "ಮತ್ತೆ, ಅವರನ್ನ ಕೇಳ್ದೇನೇ ತಗೊಂಡ್ರಾ?"

ಅವಳು ಚುಚ್ಚುವುದಕ್ಕೆ ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು, ಅಷ್ಟೇ.

ಅಕ್ಷತ ಬಾಯಿ ತೆರೆದಳು. ಬಣ್ಣ ನಮ್ಮದು, ಅಂಚು ನಮ್ಮದು ಎಂದು ಹೇಳಬಹುದಿತ್ತು. ಅಪ್ಪ ತಟ್ಟೆಯ ಮುಂದೆ ಕೂತಿದ್ದು ನೆನಪಾಯಿತು. ಮರಕ್ಕೆ ನೂಲು ಕಟ್ಟಿ ಕೂತ ಆ ಅಜ್ಜಿಯೂ ನೆನಪಾದರು. ಅವರ ಬೀದಿಯಲ್ಲೂ ಸ್ಕೂಲಿಗೆ ಹೋಗುವ ಒಬ್ಬ ಹುಡುಗಿ ಇರಬಹುದು.



"ಹೂಂ," ಎಂದಳು ಆಮೇಲೆ.