ಚರಟದ ಮೇಲಿನ ಜೇನು

ಉರ್ಶುಲೆ ಗಂಡ ಜಿಗ್ಮಾಸನನ್ನು ಊಟಕ್ಕೆ ಕರೆಯಲು ಹೋದಾಗ ಅವನು ಕೊಳದ ದಡದ ಹಬೆಸ್ನಾನದ ಮನೆಯಲ್ಲಿ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಅವನದೇ ಕೊಡಲಿ. ಬೆಳಿಗ್ಗೆ ಹಾಲಿನ ವ್ಯಾನಿನವನ ಜೊತೆ ಹರಟಿದವನು ಮಧ್ಯಾಹ್ನಕ್ಕೆ ಹೆಣವಾಗಿದ್ದ.

ಹಿಂದಿನ ರಾತ್ರಿ ಗಂಡಹೆಂಡಿರ ಜಗಳ ನೆರೆಮನೆಗೆಲ್ಲ ಕೇಳಿಸಿತ್ತು. ಯಾಕೆ ಜಗಳ? ಉರ್ಶುಲೆ ಬಾಯಿ ಬಿಡಲಿಲ್ಲ. ನಮ್ಮ ಠಾಣೆಯ ಸಾಹೇಬರಿಗೆ ಅಷ್ಟೇ ಸಾಕಾಯಿತು. ಅವಳನ್ನು ಜೀಪು ಹತ್ತಿಸಿದರು. ಸುದ್ದಿ ತಿಳಿದು ಬಂದಿದ್ದ ಅವಳ ಅಣ್ಣ ಗ್ವಿದಾಸ್ ಟೋಪಿ ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದ.

ತನಿಖೆಯ ವೈವಾ ಮೇಡಂ ಮಾತ್ರ ಅಡಿಗೆಮನೆಯಿಂದ ಹುಬ್ಬು ಗಂಟಿಕ್ಕಿಕೊಂಡು ಬಂದರು. “ಮೇಜಿನ ಮೇಲೆ ಬೀಟ್‌ರೂಟ್ ಸಾರು ಎರಡು ಬಟ್ಟಲಲ್ಲಿದೆ. ಗಂಡನ್ನ ಕೊಂದೋಳು ಅವನಿಗೂ ಬಡಿಸಿಡ್ತಾಳೇನಯ್ಯ?”

“ಯಾರನ್ನೋ ಉಳಿಸೋಕೆ ಬಾಯಿ ಮುಚ್ಚಿದಾಳೆ,” ಎನ್ನುತ್ತ ಮೇಡಂ ಜೀಪನ್ನು ಮೊದಲು ಕಾಡಿನಾಚೆ ಗ್ವಿದಾಸನ ಮನೆಗೆ ತಿರುಗಿಸಲು ಹೇಳಿದರು. ಅಣ್ಣ ತಂಗಿ ಇಬ್ಬರೂ ಹಿಂದೆ ಕೂತಿದ್ದರು.

ಶನಿವಾರ ಗ್ವಿದಾಸನ ಮಗಳ ಮದುವೆ. ಊರಿಗೆಲ್ಲ ಸಾಲುವಷ್ಟು ಬಾರ್ಲಿ ಬೀರು ಕೊಟ್ಟಿಗೆಯಲ್ಲಿ ತಯಾರಾಗುತ್ತಿತ್ತು. ಅಂಗಳದಲ್ಲಿ, ರಸ ಇಳಿಸಿದ ಮೇಲೆ ಉಳಿದ ಬಾರ್ಲಿಯ ಚರಟವನ್ನು ಹಂದಿಗಳಿಗೆಂದು ಆರಹಾಕಿದ್ದರು. ಅದರ ಪಕ್ಕ ನಿಂತದ್ದೇ ತಪ್ಪಾಯಿತು, ಜೇನ್ನೊಣವೊಂದು ನನ್ನ ಕೈಗೆ ಕುಟುಕಿತು. ರಾಶಿಯ ತುಂಬ ಅವೇ ಇದ್ದವು. ನಾನು ಬೈದುಕೊಂಡು ಒಳಗೆ ಹೋದೆ.

“ಬೆಳಿಗ್ಗೆ ಎಲ್ಲಿದ್ರಿ?” ಮೇಡಂ ಗ್ವಿದಾಸನನ್ನು ಕೇಳಿದರು.

“ಇಲ್ಲೇ. ಕಾಳು ತೊಳೀತಿದ್ದೆ.”

“ಮಧ್ಯದಲ್ಲಿ ಎದ್ದು ಹೋಗಲಿಲ್ವಾ?”

“ಮದುವೆ ಬೀರು ಮೇಡಂ, ಚಿಕ್ಕ ಪಾತ್ರೇದಲ್ಲ. ಬಿಟ್ಟು ಹೋಗೋಕಾಗುತ್ತಾ?”

ಅದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪೀಪಾಯಿಯ ತಳಕ್ಕೆ ಹುಲ್ಲು, ಮೇಲೆ ನೆನೆದ ಮೊಳಕೆ ಬಾರ್ಲಿಯ ಕಾಳು. ಕೆಳಗೆ ರಸ ಇಳಿದಂತೆ ಮೇಲೆ ಬಿಸಿನೀರನ್ನು ಸೌಟು ಸೌಟಾಗಿ ಹರಡಬೇಕು, ಉಳಿದ ಸಿಹಿಯೆಲ್ಲ ತೊಳೆದು ಬರುವವರೆಗೆ. ನೀರು ಬತ್ತಿದರೆ ಕಾಳಿನ ಹಾಸು ಬಿರಿಯುತ್ತದೆ. ಒಮ್ಮೆಗೇ ಸುರಿದರೆ ಕೆಸರಾಗಿ ಕಟ್ಟಿಕೊಳ್ಳುತ್ತದೆ. ಇಷ್ಟು ದೊಡ್ಡ ಪೀಪಾಯಿಗೆ ಇಡೀ ಬೆಳಗು ಬೇಕು. ಮಧ್ಯಾಹ್ನ ಬೀಗರು ಬಂದಾಗ ಗ್ವಿದಾಸ್ ಸೌಟು ಹಿಡಿದೇ ಇದ್ದನಂತೆ, ರಸದ ಹಂಡೆ ಕಂಠಮಟ್ಟ ತುಂಬಿತ್ತಂತೆ. ಇದಕ್ಕಿಂತ ಸಾಕ್ಷಿ ಏನು ಬೇಕು ಅಂದುಕೊಂಡೆ ನಾನು.

ಮೇಡಂ ಅಂಗಳಕ್ಕೆ ಹೋಗಿ ರಾಶಿಯ ನಡುವಿನಿಂದ ಒಂದು ಹಿಡಿ ತಂದು ನನ್ನ ಬಾಯಿಗೆ ಹಾಕಿದರು. ಬೆಲ್ಲದ ಹಾಗಿತ್ತು.

“ಈ ಕಾಳು ತೊಳೆದೇ ಇಲ್ಲ,” ಎಂದರು ಮೇಡಂ. “ತೊಳೆದ ಚರಟ ಸಪ್ಪೆ ಹೊಟ್ಟು, ಜೇನು ಮೂಸೋದಿಲ್ಲ. ಒಂದೇ ಸಲ ನೀರು ಸುರಿದು ತೆಗೆದಿದ್ರೂ ಸಿಹಿ ಇಷ್ಟು ಉಳೀತಿರಲಿಲ್ಲ. ನೀವು ಮೊದಲ ಗಟ್ಟಿ ರಸ ಬಿಟ್ಟುಕೊಂಡ್ರಿ, ಕಾಡು ದಾಟಿ ಹೋದ್ರಿ, ಬಂದು ಹಂಡೆಗೆ ಬರೀ ನೀರು ತುಂಬಿಸಿದ್ರಿ. ಜಿಗ್ಮಾಸನ್ನ ಕೊಂದೋರು ನೀವೇ, ಗ್ವಿದಾಸ್.”

ಗ್ವಿದಾಸ್ ಅಂಗಳದ ರಾಶಿಯನ್ನೇ ನೋಡಿದ.

ಮಾತಾಡಿದ್ದು ಬಾಗಿಲಲ್ಲಿ ನಿಂತಿದ್ದ ಉರ್ಶುಲೆ. ಹೋದ ಚಳಿಗಾಲದಲ್ಲಿ ಮದುವೆ ಗಂಡಿನ ಅಣ್ಣನಿಗೆ ಕಾರು ಗುದ್ದಿ, ಹಿಮದಲ್ಲೇ ಸಾಯಲು ಬಿಟ್ಟು ಬಂದವನು ಗ್ವಿದಾಸ್. ಜಿಗ್ಮಾಸನಿಗೆ ಅದು ಗೊತ್ತಿತ್ತು. ಮದುವೆಗೆ ಮೊದಲು ಬೀಗರಿಗೆ ಹೇಳಿಯೇ ತೀರುತ್ತೇನೆಂದು ಹಟ ಹಿಡಿದಿದ್ದ. ಬೇಡವೆಂದು ಅವಳು ರಾತ್ರಿಯೆಲ್ಲ ಜಗಳವಾಡಿದ್ದಳು.

“ನಿನ್ನ ಮಗಳ ಮದುವೆ ಮುರೀಬಾರದು ಅಂತ ಪೊಲೀಸರ ಹತ್ರಾನೂ ಬಾಯಿ ಬಿಡಲಿಲ್ಲ. ಪೀಪಾಯಿ ಬಿಟ್ಟು ಬರೋಕಾಗಲ್ಲ ಅಂದೆ ನೀನು, ನಂಬಿದ್ದೆ, ಅಣ್ಣ. ಬೆಳಿಗ್ಗೆ ಫೋನ್ ಮಾಡಿ, ಬಂದು ಜಿಗ್ಮಾಸನಿಗೆ ಬುದ್ಧಿ ಹೇಳು ಅಂದೋಳು ನಾನೇ ಅಲ್ವಾ?”

ನಾನು ಗ್ವಿದಾಸನ ಕೈಗೆ ಬೇಡಿ ಹಾಕಿದೆ. ಅವನ ಬೆರಳುಗಳು ಸಿಹಿರಸದಿಂದ ಇನ್ನೂ ಅಂಟಂಟಾಗಿದ್ದವು.